ಮೈಯೆಲ್ಲ ಕಣ್ಣಾಗಲು ಹತ್ತು ಭಾನುವಾರ: ಕೌನ್ಸೆಲರ್‌ಗಳಿಗಾಗಿ ನಡೆದ ಒಂದು ಕಳರಿ ತರಬೇತಿ

ಕಳೆದ ವರ್ಷ ಮೇ ತಿಂಗಳಲ್ಲಿ ನನ್ನೆದುರು ಕೂತಿದ್ದವರೊಬ್ಬರು ಮೇಜಿನ ಮೇಲಿದ್ದ ಸ್ಟೀಲ್ ಬಾಟಲಿ ಎತ್ತಿ ಬೀಸಿದರು. ನನ್ನ ಕಿವಿಯಿಂದ ಒಂದು ಗೇಣು ಆಚೆ ಹೋಗಿ ಅದು ಗೋಡೆಗೆ ಬಡಿದು ನೆಗ್ಗಿತು. ನಾನು ನಕ್ಕೆ. ನಗು ಬಂದದ್ದಲ್ಲ, ಹೆದರಿಕೆಗೆ ಮುಖ ತಾನಾಗಿಯೇ ನಗುವಿನ ಹಾಗೆ ಆಯಿತು. ಅವರಿಗೆ ಅದು ಅಣಕಿಸಿದ ಹಾಗೆ ಕಂಡಿತು. ಆಮೇಲೆ ಅವರು ಕೂಗಿದ್ದೆಲ್ಲ ನಾನು ನಕ್ಕದ್ದಕ್ಕೇ.

ಹದಿಮೂರು ವರ್ಷದಿಂದ ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಮುಳ್ಳೇರಿಯ, ಕುಂಬಳೆ ಈ ಸುತ್ತಿನಲ್ಲಿ ಕೌನ್ಸೆಲಿಂಗ್ ಮಾಡುತ್ತಿದ್ದೇನೆ. ಕೋಪ ನನಗೆ ಹೊಸತಲ್ಲ. ಓದುವಾಗ ಅದರ ಬಗ್ಗೆ ಬೇಕಾದಷ್ಟು ಕಲಿಸಿದ್ದರು. ಕುಡಿತದ ಚಟ ಇರುವವರ ಜೊತೆ ಕೆಲಸ ಮಾಡುತ್ತಾ ವಿಲಿಯಂ ಮಿಲ್ಲರ್ 1983ರಲ್ಲಿ ಮುಂದಿಟ್ಟ 'ಮೋಟಿವೇಶನಲ್ ಇಂಟರ್‌ವ್ಯೂಯಿಂಗ್' ಪದ್ಧತಿಯಲ್ಲಿ ಇದಕ್ಕೆಂದೇ ಒಂದು ಪಾಠ ಉಂಟು: ಎದುರಿನವರು ತಳ್ಳಿದರೆ ನೀನೂ ತಳ್ಳಬೇಡ, ಅವರ ಜೊತೆಗೇ ಹೊರಳು. ಪರೀಕ್ಷೆಯಲ್ಲಿ ಇದನ್ನು ಬರೆದು ಒಳ್ಳೆಯ ಅಂಕ ತೆಗೆದವಳು ನಾನು. ಬಾಟಲಿ ಬಂದ ದಿನ ಆ ಪಾಠ ತಲೆಯಲ್ಲೇ ಉಳಿಯಿತು, ಕಾಲಿಗೆ ಇಳಿಯಲಿಲ್ಲ. ಕೂತಲ್ಲೇ ಮರಗಟ್ಟಿದೆ. ಮೇಲಾಗಿ ಆ ಕೋಣೆಯಲ್ಲಿ ಬಾಗಿಲಿಗೂ ನನಗೂ ನಡುವೆ ಅವರ ಕುರ್ಚಿ ಇತ್ತು. ಅಷ್ಟು ವರ್ಷ ಅದೇ ಕೋಣೆಯಲ್ಲಿ ಕೂತು ಎದ್ದವಳಿಗೆ ಅದು ಆ ದಿನವೇ ಕಣ್ಣಿಗೆ ಬಿದ್ದದ್ದು.

ಆಮೇಲೆ ಎರಡು ತಿಂಗಳು ಯಾರಾದರೂ ಕುರ್ಚಿ ಎಳೆದ ಶಬ್ದಕ್ಕೇ ಎದೆ ಡವಡವ ಎನ್ನುತ್ತಿತ್ತು. ಒಬ್ಬರ ಸ್ವರ ಫೋನಿನಲ್ಲಿ ಗಡುಸಾಗಿ ಕೇಳಿತೆಂದು ಅವರಿಗೆ ಸಮಯವೇ ಕೊಡದೆ ಬೇರೆ ಕಡೆ ಕಳಿಸಿದೆ. ಅದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ. ಸಹಾಯ ಕೇಳಿ ಬಂದವರನ್ನು ನನ್ನ ಹೆದರಿಕೆಗಾಗಿ ತಿರುಗಿಸಿ ಕಳಿಸಿದ್ದು ನನ್ನ ತಪ್ಪೇ. ಆ ಹೊತ್ತಿಗೆ ಜೊತೆಗೆ ಓದಿದ ಗೆಳತಿಯೊಬ್ಬಳು, ಕೇರಳದ ಸಮರಕಲೆ ಕಳರಿಯ ಮೂಲಕ ಕೋಪವನ್ನು ಎದುರಿಸಲು ಕೌನ್ಸೆಲರ್‌ಗಳಿಗೆ ಕಲಿಸುವ ಈ ತರಬೇತಿಯ ವಿಷಯ ಹೇಳಿದಳು.

ಜಾಗ ಇರುವುದು ನೀಲೇಶ್ವರದಿಂದ ಆಟೋದಲ್ಲಿ ಹತ್ತು ನಿಮಿಷ ಒಳಗೆ. ಹೆಸರು ಬರೆಯಬೇಡಿ ಎಂದು ಗುರುಕ್ಕಳ್, ಅಂದರೆ ಕಳರಿ ಕಲಿಸುವ ಗುರು, ಕೇಳಿಕೊಂಡಿದ್ದಾರೆ. ಅವರು ಒಂದು ಸಲಕ್ಕೆ ಎಂಟೇ ಜನರನ್ನು ತೆಗೆದುಕೊಳ್ಳುವುದು, ದಿನವೂ ಬರುವ ಊರಿನ ಮಕ್ಕಳ ಅಭ್ಯಾಸಕ್ಕೆ ತೊಂದರೆ ಆಗಬಾರದು ಎಂಬ ಕಾಳಜಿ. ಅದಕ್ಕೆ ಮರ್ಯಾದೆ ಕೊಟ್ಟು ಹೆಸರು ಬಿಟ್ಟಿದ್ದೇನೆ. ನಮ್ಮ ಅಜ್ಜಿಯ ಕಾಲದವರಿಗೆ ಚಂದ್ರಗಿರಿ ಹೊಳೆ ದಾಟಿದರೆ ಮಲಯಾಳ ದೇಶ. ನಮ್ಮ ಕಡೆ ತುಳುನಾಡಿನ ವೀರರಾದ ಕೋಟಿ ಚೆನ್ನಯರ ಗರಡಿ, ಆ ಕಡೆ ಕಳರಿ. ಗರಡಿಯ ಹೊರಗೆ ನಿಂತು ಕೈಮುಗಿದು ಬೆಳೆದವಳು ನಾನು, ನಲವತ್ತೆರಡನೆಯ ವಯಸ್ಸಿನಲ್ಲಿ ಕಳರಿಯ ಒಳಗೆ ಕಾಲಿಟ್ಟೆ.

ಅದು ಕುಳಿಕ್ಕಳರಿ, ಅಂದರೆ ನೆಲ ತೋಡಿ ಇಳಿಸಿ ಮಾಡಿದ್ದು. ಉದ್ದ 42 ಅಡಿ, ಅಗಲ 21 ಅಡಿ, ಮೇಲೆ ಮಡಲಿನ ಮಾಡು. ಪೂರ್ವಕ್ಕೆ ಬಾಗಿಲು, ಕನ್ನಿಮೂಲೆಯಲ್ಲಿ, ಅಂದರೆ ನೈಋತ್ಯದಲ್ಲಿ, ಏಳು ಮೆಟ್ಟಿಲಿನ ಪೂಜೆಯ ಕಟ್ಟೆ, ಪೂತ್ತರ. ಬಲಗಾಲಿಟ್ಟು ಇಳಿಯಬೇಕು, ನೆಲ ಮುಟ್ಟಿ ಹಣೆಗೆ ಒತ್ತಿಕೊಳ್ಳಬೇಕು. ಅಕ್ಟೋಬರಿನ ಮೊದಲ ಭಾನುವಾರ, ಹಿಂದಿನ ಸಂಜೆ ಸಿಡಿಲು ಮಳೆ ಹೊಡೆದಿತ್ತು. ಕೆಳಗೆ ಇಳಿದ ಕೂಡಲೇ ಮಣ್ಣಿನ ತಂಪು ಅಂಗಾಲಿಗೆ ತಾಗಿತು. ಹೊರಗಿನ ಸದ್ದು ಕಿವಿಗೆ ಮುಚ್ಚಳ ಹಾಕಿದ ಹಾಗೆ ನಿಂತಿತು. ಇಂಥ ಕೋಣೆ ನನಗೊಂದು ಇದ್ದರೆ ಎಂದು ಆಸೆಯಾಯಿತು.

ಕಲಿಸುವವರು ಇಬ್ಬರು. ಗುರುಕ್ಕಳಿಗೆ ಅರವತ್ತು ದಾಟಿದೆ. ಇನ್ನೊಬ್ಬರು ಅವರ ತಂಗಿಯ ಮಗಳು, ಮಾನಸಿಕ ರೋಗಿಗಳ ವಾರ್ಡಿನಲ್ಲಿ ಹಲವು ವರ್ಷ ನರ್ಸ್ ಆಗಿದ್ದವರು, ಚಿಕ್ಕಂದಿನಿಂದ ಕಳರಿ ಕಲಿತವರು. ಈ ತರಬೇತಿಯ ಜೀವ ಇರುವುದೇ ಇವರಿಬ್ಬರ ಜೋಡಿಯಲ್ಲಿ. ಗುರುಕ್ಕಳ್ ಒಬ್ಬರೇ ಆಗಿದ್ದರೆ ನಾವು ಕಳರಿ ಕಲಿಯುತ್ತಿದ್ದೆವು, ಸಿಸ್ಟರ್ ಒಬ್ಬರೇ ಆಗಿದ್ದರೆ ಇನ್ನೊಂದು ಪವರ್‌ಪಾಯಿಂಟ್ ನೋಡಿ ಮನೆಗೆ ಬರುತ್ತಿದ್ದೆವು.

ಮೊದಲ ಮೂರು ವಾರ ಕೋಪದ ಸುದ್ದಿಯೇ ಇಲ್ಲ. ಬರೀ ಕಾಲು. ನೇರವಾಗಿ ಕಾಲೆತ್ತಿ ಬೀಸುವುದು, ಕೂರುವುದು, ತಿರುಗುವುದು, ಆನೆ, ಕುದುರೆ, ಹಂದಿ, ಹಾವು ಎಂದು ಪ್ರಾಣಿಗಳ ಹೆಸರಿನ ಎಂಟು ವಡಿವು ಅಂದರೆ ಭಂಗಿಗಳಲ್ಲಿ ನಾಲ್ಕು. ಗುರುಕ್ಕಳ್ ಒಂದು ಕಡೆ ನಿಂತು ಬಾಯಲ್ಲೇ ಹೇಳುತ್ತಾರೆ, ನಾವು ಮಾಡುವುದು. ಇದಕ್ಕೆ ವಾಯ್ತಾರಿ ಎನ್ನುತ್ತಾರೆ. ಭಾಗವತರು ಹುಡುಗರಿಗೆ ಯಕ್ಷಗಾನ ಹೆಜ್ಜೆ ಕಲಿಸುವಾಗ ಬಾಯಿತಾಳ ಹೇಳುತ್ತಾರಲ್ಲ, ಹೆಚ್ಚುಕಮ್ಮಿ ಹಾಗೆ. ಎರಡನೇ ವಾರಕ್ಕೆ ಒಂದು ಸಂಗತಿ ಗೊತ್ತಾಯಿತು. ಅವರ ಸ್ವರ ನಿಧಾನವಾದರೆ ನಮ್ಮ ಎಂಟೂ ಜನರ ಉಸಿರು ನಿಧಾನ, ಸ್ವರ ಏರಿದರೆ ಮೈ ಬಿಗಿ. ಒಬ್ಬರ ಸ್ವರ ಇನ್ನೊಬ್ಬರ ಮೈಯನ್ನು ಇಷ್ಟು ಹಿಡಿಯುತ್ತದೆ ಎಂದು ನಾನು ಓದಿ ತಿಳಿದಿದ್ದೆ, ಮೈಗೆ ತಿಳಿದದ್ದು ಅಲ್ಲಿ. ನನ್ನ ಕೋಣೆಯಲ್ಲಿ ಯಾರಾದರೂ ಏರಿದ ಸ್ವರದಲ್ಲಿ ಮಾತಾಡಿದರೆ ನನ್ನದೂ ಅರ್ಧ ಮೆಟ್ಟಿಲು ಏರುತ್ತದೆ. ಇಷ್ಟು ವರ್ಷ ಅದನ್ನು ನಾನು ಗಮನಿಸಿಯೇ ಇರಲಿಲ್ಲ.

ಉಸಿರಿನ ಬಗ್ಗೆ ಸಿಸ್ಟರ್ ಹೇಳಿದ್ದು ಸರಳ. ಹೆದರಿದವರಿಗೆ 'ಉದ್ದ ಉಸಿರು ಎಳೆದುಕೋ' ಎಂದು ಹೇಳುವುದು ಸಾಲದು, ಉಸಿರು ಬಿಡುವಾಗ ಎದೆಬಡಿತ ಇಳಿಯುತ್ತದೆ, ಆದ್ದರಿಂದ ಬಿಡುವುದನ್ನು ಉದ್ದ ಮಾಡಬೇಕು. ನಾಡಿಯ ಮೇಲೆ ಬೆರಳಿಟ್ಟು ನೀವೇ ನೋಡಬಹುದು.

ನಾಲ್ಕನೇ ವಾರ ಕೈಗೆ ಕೆಟ್ಟುಕಾರಿ ಬಂತು, ಹೆಚ್ಚುಕಮ್ಮಿ ಆಳುದ್ದದ ಬೆತ್ತ. ಹೊಡೆತ, ತಡೆ ಎಲ್ಲ ಮೊದಲೇ ಗೊತ್ತಿರುವ ಕ್ರಮ. ಎದುರಿನವನು ಮೂರನೆಯದಾಗಿ ಎಲ್ಲಿಗೆ ಹೊಡೆಯುತ್ತಾನೆ ಎಂದು ನನಗೆ ಗೊತ್ತು, ಅವನಿಗೂ ಗೊತ್ತು. ಆದರೂ ಬೆತ್ತ ತಲೆಯ ಮೇಲಿಂದ ಇಳಿಯುವಾಗ ಕಣ್ಣು ಮುಚ್ಚುತ್ತದೆ, ಹಿಮ್ಮಡಿ ಏಳುತ್ತದೆ. ಕಳರಿಯಲ್ಲಿ ಒಂದು ಮಾತು ಉಂಟು, ಮೈ ಕಣ್ಣಾಗಬೇಕು ಎಂದು. ನಾವೂ ಕನ್ನಡದಲ್ಲಿ 'ಮೈಯೆಲ್ಲ ಕಣ್ಣಾಗಿ' ಎನ್ನುತ್ತೇವೆ, ಜಾಗ್ರತೆ ಎನ್ನುವ ಅರ್ಥದಲ್ಲಿ. ಗುರುಕ್ಕಳ್ ಅದನ್ನು ಹೇಳಿದ ಅರ್ಥ ಬೇರೆ. "ಟೀಚರೇ, ನೀವು ಕಣ್ಣಿನಿಂದ ಮಾತ್ರ ನೋಡುತ್ತೀರಿ. ಅದಕ್ಕೇ ಕಣ್ಣಿಗೆ ಇಷ್ಟು ಹೆದರಿಕೆ. ಪಾದವೂ ನೋಡಲಿ." ಮೊದಲು ಇದು ಮಾತಿನ ಚಂದಕ್ಕೆ ಹೇಳಿದ್ದು ಎಂದುಕೊಂಡೆ. ಐದಾರು ಸಲ ಪಾದದ ಮೇಲೆ ಗಮನ ಇಟ್ಟು ಮಾಡಿದ ಮೇಲೆ ಕಣ್ಣು ಮುಚ್ಚುವುದು ನಿಂತಿತು.

ಇಲ್ಲೊಂದು ಎಚ್ಚರಿಕೆಯನ್ನೂ ಅವರೇ ಕೊಟ್ಟರು, ಅದು ನನಗೆ ತುಂಬಾ ಹಿಡಿಸಿತು. ಕಳರಿಯಲ್ಲಿ ಎದುರಾಳಿಯ ಕಣ್ಣಿನಿಂದ ಕಣ್ಣು ತೆಗೆಯಬಾರದು. ಆದರೆ ಕೋಪದಲ್ಲಿ ಕುದಿಯುವ ಮನುಷ್ಯನನ್ನು ಹಾಗೆ ದಿಟ್ಟಿಸಿದರೆ ಅದು ಸವಾಲು ಹಾಕಿದ ಹಾಗೆ. ಅಲ್ಲಿ ಭುಜದ ಎತ್ತರಕ್ಕೆ ನೋಡಿ, ಆಗಾಗ ಕಣ್ಣಿಗೆ ಬನ್ನಿ, ಮತ್ತೆ ಇಳಿಯಿರಿ ಎಂದರು ಸಿಸ್ಟರ್. ನೇರ ಎದುರು ನಿಲ್ಲಬೇಡಿ, ಸ್ವಲ್ಪ ಓರೆಯಾಗಿ ನಿಲ್ಲಿ. ಅವರ ಒಂದು ಕೈಯಳತೆ, ಮೇಲೆ ಒಂದು ಹೆಜ್ಜೆ, ಅಷ್ಟು ಅಂತರ. ಅಂಗೈ ಕಾಣುವ ಹಾಗೆ ಇರಲಿ. ಎಲ್ಲಿ ಕಳರಿ ನಮ್ಮ ಕೆಲಸಕ್ಕೆ ಹೊಂದುತ್ತದೆ, ಎಲ್ಲಿ ಹೊಂದುವುದಿಲ್ಲ ಎಂದು ಕಲಿಸುವವರೇ ಬಿಡಿಸಿ ಹೇಳಿದ್ದು ಈ ತರಬೇತಿಯ ಮೇಲೆ ನನಗೆ ನಂಬಿಕೆ ಬರಲು ಮುಖ್ಯ ಕಾರಣ.

ಆರನೇ ಭಾನುವಾರದ ಬಗ್ಗೆ ಸ್ವಲ್ಪ ಉದ್ದ ಬರೆಯಬೇಕು. ಅವತ್ತು ಜೋಡಿ ಜೋಡಿಯಾಗಿ ಒಬ್ಬರು ಕೋಪಗೊಂಡ ಕ್ಲೈಂಟ್, ಇನ್ನೊಬ್ಬರು ಕೌನ್ಸೆಲರ್. ಸಿಸ್ಟರ್ ನನ್ನೆದುರು ನಿಂತು ಮಲಯಾಳದಲ್ಲಿ ಬೈದರು. ಜೋರಾಗಿಯೇ ಬೈದರು. ನನಗೆ ಏನೂ ಆಗಲಿಲ್ಲ. ಮಲಯಾಳ ನನಗೆ ಚೆನ್ನಾಗಿ ಬರುತ್ತದೆ, ದಿನವೂ ಆಡುವ ಭಾಷೆ. ಆದರೂ ಆ ಬೈಗುಳ ಮೈಮೇಲೆ ನೀರಿನ ಹಾಗೆ ಜಾರಿತು. ನಾನು ಗೆದ್ದೆ ಎಂದುಕೊಂಡೆ. ಆಗ ನಮ್ಮ ಗುಂಪಿನ ಮಂಜೇಶ್ವರದ ಹುಡುಗ, ಮದ್ಯ ಬಿಡಿಸುವ ಕೇಂದ್ರವೊಂದರಲ್ಲಿ ಕೆಲಸ ಮಾಡುವವನು, "ಅಕ್ಕ, ನಾನು ಒಮ್ಮೆ ನೋಡ್ಲಾ?" ಎಂದು ಕೇಳಿ ಎದುರು ನಿಂತ. ನಾಲ್ಕು ಹೆಜ್ಜೆ ದೂರದಿಂದ ಬೆರಳು ತೋರಿಸುತ್ತಾ ಬಂದು ತುಳುವಿನಲ್ಲಿ ಒಂದೇ ಮಾತು ಅಂದ. "ನಿಕ್ಕ್ ದಾದ ಗೊತ್ತುಂಡು?"

ನಿನಗೇನು ಗೊತ್ತು ಎಂದು ನನ್ನ ತಂದೆ ಕೇಳುತ್ತಿದ್ದದ್ದು ಇದೇ ಮಾತಿನಲ್ಲಿ, ಇದೇ ರಾಗದಲ್ಲಿ. ನನ್ನ ಗಂಟಲು ಕಟ್ಟಿತು.

ಸಿಸ್ಟರ್ ಅದನ್ನು ಮೊಬೈಲಿನಲ್ಲಿ ವಿಡಿಯೋ ಮಾಡಿದ್ದರು. ಆಮೇಲೆ ಪೂತ್ತರದ ಪಕ್ಕದ ಗೋಡೆಗೆ ಒರಗಿ ಕೂತು ನಾವು ಅದನ್ನು ನಿಧಾನಗತಿಯಲ್ಲಿ ನೋಡಿದೆವು. ಅವನು ಬಾಯಿ ತೆರೆಯುವ ಮೊದಲೇ ನನ್ನ ಎಡ ಹಿಮ್ಮಡಿ ಎದ್ದಿದೆ. ಭುಜ ಕಿವಿಯ ಕಡೆಗೆ ಏರಿದೆ. ಎದೆ ಆಡುವುದಿಲ್ಲ, ಉಸಿರು ನಿಂತಿದೆ. ಆಮೇಲೆ ತುಟಿಯ ಬಲ ಮೂಲೆ ಮೇಲಕ್ಕೆ ಹೋಗುತ್ತದೆ, ನಗು ಶುರುವಾಗುವುದು ಅಲ್ಲಿಂದ. ಮೇ ತಿಂಗಳಲ್ಲಿ ಅವರು ನೋಡಿದ್ದು ಈ ಮುಖವನ್ನೇ ಎಂದು ನನಗೆ ಆಗ ಅರ್ಥವಾಯಿತು. ಆರು ತಿಂಗಳಿನಿಂದ ನನಗೆ ಕಾಣದೇ ಇದ್ದದ್ದು ಅದು ಎಂದು ಹೇಳಿದರೆ ತಪ್ಪು, ನಲವತ್ತು ವರ್ಷದಿಂದ ಕಾಣದೇ ಇದ್ದದ್ದು.

ಸಿಸ್ಟರ್ ತಿದ್ದಿದ್ದು ಮುಖವನ್ನಲ್ಲ. ನಗಬೇಡಿ ಎಂದು ಹೇಳಲೇ ಇಲ್ಲ. "ಹಿಮ್ಮಡಿ ಕೆಳಗಿಡಿ" ಎಂದರು. ಮತ್ತೆ ಅವನು ಬಂದ, ಮತ್ತೆ ಅದೇ ಮಾತು. ನಾನು ಎಡಗಾಲನ್ನು ಅರ್ಧ ಹೆಜ್ಜೆ ಹಿಂದಿಟ್ಟು ಹಿಮ್ಮಡಿ ಊರಿದೆ, ಉಸಿರು ಬಿಟ್ಟೆ. ಹನ್ನೊಂದು ಸಲ ಮಾಡಿದೆವು. ಎಂಟನೆಯ ಸಲ ತುಟಿ ಸುಮ್ಮನಿತ್ತು. ಕೋಪದ ಅಭ್ಯಾಸ ನಮ್ಮ ನಮ್ಮ ಮನೆಮಾತಿನಲ್ಲೇ ಆಗಬೇಕು ಎಂದು ಅವತ್ತು ನಾವು ಉತ್ತರದ ಕಡೆಯಿಂದ ಹೋದ ಮೂವರೂ ಹೇಳಿದೆವು. ನಮ್ಮ ಜಿಲ್ಲೆಯಲ್ಲಿ ಒಂದು ಬೆಳಗ್ಗೆಗೆ ಕನ್ನಡ, ತುಳು, ಮಲಯಾಳ, ಬ್ಯಾರಿ, ಕೊಂಕಣಿ, ಮರಾಠಿ ಎಲ್ಲದರಲ್ಲೂ ಬೈಸಿಕೊಳ್ಳುವ ಕೆಲಸ ನಮ್ಮದು. ಕೊನೆಯ ನಾಲ್ಕು ವಾರ ಅವರು ಹಾಗೆಯೇ ಜೋಡಿ ಮಾಡಿದರು.

ಏಳನೇ ವಾರ ಐಕಿಡೊ ಬಲ್ಲ ಒಬ್ಬರು ಅತಿಥಿಯಾಗಿ ಬಂದಿದ್ದರು. ಮೊರಿಹೇಯಿ ಉಯೆಶಿಬಾ (1883–1969) ಕಟ್ಟಿದ ಈ ಜಪಾನಿ ಪದ್ಧತಿಯಲ್ಲಿ ತೆಂಕಾನ್ ಎಂಬ ಒಂದು ತಿರುಗು ಉಂಟು. ಎದುರಿನವರು ನಿಮ್ಮ ಮಣಿಕಟ್ಟು ಹಿಡಿದು ತಳ್ಳುತ್ತಾರೆ. ನೀವು ಎಳೆಯುವುದಿಲ್ಲ, ತಳ್ಳುವುದಿಲ್ಲ, ಅವರ ಪಕ್ಕಕ್ಕೆ ಬಂದು ತಿರುಗುತ್ತೀರಿ. ತಿರುಗಿ ಮುಗಿದಾಗ ಇಬ್ಬರೂ ಪಕ್ಕಪಕ್ಕ ನಿಂತು ಒಂದೇ ದಿಕ್ಕಿಗೆ ನೋಡುತ್ತಿರುತ್ತೀರಿ. ಅವರ ಮುಷ್ಟಿ ಇನ್ನೂ ನಿಮ್ಮ ಕೈಯನ್ನು ಹಿಡಿದೇ ಇದೆ, ಆದರೆ ಅವರಿಗೆ ಏನು ಕಾಣುತ್ತದೋ ಅದೇ ನಿಮಗೂ ಕಾಣುತ್ತದೆ. ಕಾಲೇಜಿನಲ್ಲಿ ಬಾಯಿಪಾಠ ಮಾಡಿದ 'ಜೊತೆಗೇ ಹೊರಳು' ಎಂಬುದು ಹೇಗಿರುತ್ತದೆ ಎಂದು ಹದಿನೆಂಟು ವರ್ಷದ ಮೇಲೆ ಸಿಕ್ಕಿತು. ಅದೊಂದೇ ಬೆಳಗ್ಗೆಗೆ ಹತ್ತು ವಾರದ ದುಡ್ಡು ಕೊಡಬಹುದು.

ಇನ್ನು ಸರಿಯಿಲ್ಲದ್ದು. ಆರನೇ ಭಾನುವಾರವೇ, ಬೇರೆ ಜೋಡಿಯಲ್ಲಿ ಒಬ್ಬ ಯುವತಿ ಕುಸಿದು ಕೂತು ಅಳಲು ಶುರು ಮಾಡಿದಳು. ಮನೆಯಲ್ಲಿ ಪೆಟ್ಟು ತಿಂದು ಬೆಳೆದವಳು. ಸಿಸ್ಟರ್ ಕೂಡಲೇ ಎಲ್ಲ ನಿಲ್ಲಿಸಿದರು, ಅವಳ ಜೊತೆ ಹೊರಗೆ ಮಾವಿನ ಮರದ ಅಡಿಯಲ್ಲಿ ಒಂದು ಗಂಟೆ ಕೂತರು. ನಡೆದುಕೊಂಡ ರೀತಿಯಲ್ಲಿ ಕೊರತೆ ಇಲ್ಲ. ಆದರೆ ಮೊದಲೇ ಕೇಳಬೇಕಿತ್ತು. ಇಂಥ ಅಭ್ಯಾಸಕ್ಕೆ ಇಳಿಸುವ ಮುನ್ನ ಒಬ್ಬೊಬ್ಬರ ಹತ್ತಿರ ಗುಟ್ಟಾಗಿ ಮಾತಾಡಿ, ಯಾವ ಮಾತು ಬೇಡ, ಎಲ್ಲಿ ನಿಲ್ಲಿಸಬೇಕು ಎಂದು ತಿಳಿದಿರಬೇಕು. ಕೌನ್ಸೆಲರ್‌ಗಳೆಂದರೆ ಗಾಯವಿಲ್ಲದವರಲ್ಲ. ಇದನ್ನು ಅವರಿಗೆ ನೇರವಾಗಿ ಹೇಳಿದೆ. ಮುಂದಿನ ತಂಡದಿಂದ ಹಾಗೆಯೇ ಮಾಡುತ್ತೇವೆ ಎಂದಿದ್ದಾರೆ.

ಇನ್ನೊಂದು, ಮೊಣಕಾಲು. ಕುದುರೆ, ಹಂದಿ ಈ ವಡಿವುಗಳಲ್ಲಿ ತುಂಬಾ ಕೆಳಗೆ ಕೂರಬೇಕು. ಮಕ್ಕಳಿಗೆ ಕಲಿಸಿ ಅಭ್ಯಾಸ ಇರುವ ಗುರುಕ್ಕಳಿಗೆ ಮೇಜಿನ ಮುಂದೆ ಕೂತು ನಲವತ್ತು ದಾಟಿದ ಮೈ ಎಷ್ಟು ಬಗ್ಗುತ್ತದೆ ಎಂಬ ಅಂದಾಜು ಕಡಿಮೆ. ನನ್ನ ಬಲ ಮೊಣಕಾಲು ಮೂರು ವಾರ ಊದಿತ್ತು. ಹೆಂಗಸರಿಗೆ ಬಟ್ಟೆ ಬದಲಿಸಲು ಇರುವುದು ಸೌದೆ ಕೊಟ್ಟಿಗೆಯ ಒಂದು ಮೂಲೆ, ಬಾಗಿಲಿಗೆ ಚಿಲಕ ಇಲ್ಲ. ಎಂಟರಲ್ಲಿ ಐದು ಜನ ಹೆಂಗಸರೇ ಇರುವ ತರಬೇತಿಗೆ ಇದು ಸಲ್ಲದು.

ಹಿಡಿತ ಬಿಡಿಸಿಕೊಳ್ಳುವುದಕ್ಕೆ ಒಂದು ವಾರ ಇಟ್ಟಿದ್ದಾರೆ. ಮಣಿಕಟ್ಟು, ಜಡೆ, ದುಪ್ಪಟ್ಟಾ ಹಿಡಿದರೆ ಹೇಗೆ ಬಿಡಿಸಿಕೊಂಡು ಬಾಗಿಲ ಕಡೆ ಹೋಗುವುದು ಎಂದು. ಬೇಕಾದದ್ದೇ. ತಂಡದ ಒಬ್ಬರು ಮರ್ಮ ಕಲಿಸಿ, ಎಲ್ಲಿ ಒತ್ತಿದರೆ ಮನುಷ್ಯ ಬೀಳುತ್ತಾನೆ ಎಂದು ಕೇಳಿದರು. ಗುರುಕ್ಕಳ್ ಒಪ್ಪಲಿಲ್ಲ. ಮರ್ಮ ವಿದ್ಯೆ ಕೊನೆಗೆ ಬರುವುದು, ವರ್ಷಗಟ್ಟಲೆ ಸ್ವಭಾವ ನೋಡಿದ ಮೇಲೆ, ಅದೂ ಎಲ್ಲರಿಗೂ ಅಲ್ಲ ಎಂದರು. ಸಹಾಯಕ್ಕೆ ಬಂದವರ ಮೇಲೆ ಪ್ರಯೋಗಿಸಲು ಯಾರೂ ಯಾವ ಪಟ್ಟನ್ನೂ ಕಲಿಯಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಆ ಉದ್ದೇಶ ಇರುವವರು ದಯವಿಟ್ಟು ಇಲ್ಲಿಗೆ ಹೋಗಬೇಡಿ.

ಕೆಲಸಕ್ಕೆ ಬಂತಾ ಎಂದು ಎಲ್ಲರೂ ಕೇಳುತ್ತಾರೆ. ಫೆಬ್ರವರಿಯಲ್ಲಿ ನಡೆದ ಒಂದನ್ನು ಹೇಳುತ್ತೇನೆ, ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ. ಗೇರು ತೋಟದ ಬದಿಯ ಮನೆಯ ಒಬ್ಬ ತಂದೆ. ಮಗನಿಗೆ ಇಪ್ಪತ್ತೇಳು, ಹಾಸಿಗೆಯಿಂದ ಏಳಲಾರ, ಮಾತಿಲ್ಲ. ಗೇರು ತೋಟಗಳಿಗೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಕೀಟನಾಶಕ ಸಿಂಪಡಿಸುವುದು ನಿಂತದ್ದು 2000ದ ಕೊನೆಗೆ, ಮಗ ಅದಕ್ಕೂ ಮೊದಲು ಹುಟ್ಟಿದವನು. 2017ರ ಜನವರಿ 10ರಂದು ಸುಪ್ರೀಂ ಕೋರ್ಟು ಸಂತ್ರಸ್ತರಿಗೆ ಮೂರು ತಿಂಗಳೊಳಗೆ ಐದು ಲಕ್ಷ ರೂಪಾಯಿ ಕೊಡಬೇಕೆಂದು ಹೇಳಿದ ಪತ್ರಿಕೆಯ ತುಂಡನ್ನು ಅವರು ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟುಕೊಂಡಿದ್ದಾರೆ. ನಾನು ಫಾರ್ಮ್ ತೆಗೆದು ಮಗನ ಹುಟ್ಟಿದ ದಿನಾಂಕ ಕೇಳಿದೆ. ಅವರು ಎದ್ದು ಮೇಜಿಗೆ ಗುದ್ದಿದರು.

"ನೀವು ಎಷ್ಟನೆಯವರು ಗೊತ್ತುಂಟಾ ಟೀಚರ್? ಬಂದವರೆಲ್ಲ ಬರೆದುಕೊಂಡು ಹೋದವರೇ!"

ಹಿಮ್ಮಡಿ ಎದ್ದದ್ದು ಗೊತ್ತಾಯಿತು. ಊರಿದೆ. ಒಳಗೇ ನನ್ನದೇ ವಾಯ್ತಾರಿ ಹೇಳಿಕೊಂಡೆ: ಕಾಲು, ಉಸಿರು, ಕೈ, ಸ್ವರ. ಪೆನ್ನು ಕೆಳಗಿಟ್ಟೆ, ಫಾರ್ಮ್ ಮಗುಚಿ ಹಾಕಿದೆ. ಕುರ್ಚಿಯನ್ನು ಮೇಜಿನ ಅಡ್ಡದಿಂದ ಅವರ ಪಕ್ಕದ ಕಡೆಗೆ, ಒಂದು ಕೈ ಒಂದು ಹೆಜ್ಜೆ ದೂರಕ್ಕೆ, ಸರಿಸಿ ಕೂತೆ. "ಬರೆಯುವುದಿಲ್ಲ. ನೀವು ಹೇಳಿ" ಎಂದೆ. ಅವರು ನಿಂತುಕೊಂಡೇ ಬೈದರು, ತುಂಬಾ ಹೊತ್ತು, ಕಿಟಕಿಯ ಕಡೆ ನೋಡಿಕೊಂಡು. ನಾನೂ ಕಿಟಕಿಯ ಕಡೆಗೇ ನೋಡುತ್ತಿದ್ದೆ. ಆಮೇಲೆ ಕೂತರು, ಮಗನಿಗೆ ರಾತ್ರಿ ಮೂರು ಗಂಟೆಗೆ ಬರುವ ಅಪಸ್ಮಾರದ ಬಗ್ಗೆ ಹೇಳಲು ಶುರು ಮಾಡಿದರು. ಹೆಂಡತಿಗೂ ಹೇಳದೆ ಇದ್ದದ್ದನ್ನು ಹೇಳಿದರು.

ಅವರ ಕೋಪ ನ್ಯಾಯದ ಕೋಪ. ಅದನ್ನು ತಣ್ಣಗೆ ಮಾಡಿ ಮನೆಗೆ ಕಳಿಸುವುದು ನನ್ನ ಕೆಲಸ ಅಲ್ಲ, ಈ ತರಬೇತಿಯನ್ನು ಅದಕ್ಕೆ ಬಳಸಲೂಬಾರದು. ಹಿಂದಿನ ನಾನಾಗಿದ್ದರೆ ನಗುತ್ತಿದ್ದೆ, ಅವರು ಎದ್ದು ಹೋಗುತ್ತಿದ್ದರು, ರಾತ್ರಿ ಮೂರು ಗಂಟೆಯ ವಿಷಯ ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಕೇಂದ್ರ, ಶಾಲೆ, ಆಸ್ಪತ್ರೆ ನಡೆಸುವವರಿಗೆ ಒಂದು ಮಾತು. ನಿಮ್ಮ ಕೌನ್ಸೆಲರನ್ನು ಕಳರಿಗೆ ಕಳಿಸಿದ ಕೂಡಲೇ ನಿಮ್ಮ ಹೊಣೆ ಮುಗಿಯುವುದಿಲ್ಲ. ಬಾಗಿಲಿನ ಹತ್ತಿರ ಅವರ ಕುರ್ಚಿ ಇರಲಿ, ಕೂಗಿದರೆ ಕೇಳುವಷ್ಟು ದೂರದಲ್ಲಿ ಇನ್ನೊಬ್ಬರು ಇರಲಿ, ಮೇಜಿನ ಮೇಲೆ ಭಾರದ ಸಾಮಾನು ಬೇಡ. ಇದಕ್ಕೆ ಬಿಡಿಕಾಸೂ ಖರ್ಚಿಲ್ಲ.

ಹತ್ತು ಭಾನುವಾರಕ್ಕೆ 6,000 ರೂಪಾಯಿ, ಎರಡು ಕಂತಿನಲ್ಲಿ ಕೊಡಬಹುದು. ಬೆಳಗ್ಗೆ ಎಂಟರಿಂದ ಒಂದರವರೆಗೆ, ಕೊನೆಗೆ ಗಂಜಿ, ಹೆಸರು ಪಲ್ಯ, ಮಾವಿನ ಉಪ್ಪಿನಕಾಯಿ. ಎರಡು ಭಾನುವಾರಕ್ಕಿಂತ ಹೆಚ್ಚು ತಪ್ಪಿಸಿದರೆ ಮುಂದಿನ ತಂಡಕ್ಕೆ ಬರಲು ಹೇಳುತ್ತಾರೆ, ಆ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ಮುಂದಿನ ತಂಡ ಏಪ್ರಿಲ್‌ನ ಬಿಸು ಹಬ್ಬ ಕಳೆದ ಮೇಲೆ. ಕುಂಬಳೆ, ಉಪ್ಪಳ ಕಡೆಯಿಂದ ಹೋಗುವವರಿದ್ದರೆ ನನಗೆ ತಿಳಿಸಿ, ಬೆಳಗ್ಗಿನ ರೈಲಿನಲ್ಲಿ ಜೊತೆಯಾಗಿ ಹೋದವರ ಹೆಸರು ಕೊಡುತ್ತೇನೆ. ಸಡಿಲ ಚೂಡಿದಾರ, ಎರಡು ಬೈರಾಸು (ಟವೆಲು) ತೆಗೆದುಕೊಂಡು ಹೋಗಿ. ಮೊಣಕಾಲು ನೋವಿದ್ದರೆ ಮೊದಲ ದಿನವೇ ಗುರುಕ್ಕಳಿಗೆ ಹೇಳಿ. ಹೇಳಿದರೆ ಅವರು ಕೆಳಗೆ ಕೂರಿಸುವುದಿಲ್ಲ.